ಕಿಟ್ ಹಾಕಲೋ, .22 ರೈಫಲ್ಲೇ ಕೊಳ್ಳಲೋ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಗೂಟಕ್ಕೆ ಸುತ್ತುತ್ತವೆ: ಇರುವ ಬಂದೂಕಿಗೇ ಏನಾದರೂ ಜೋಡಿಸಿ .22 (5.6 ಮಿ.ಮೀ. ಗುಂಡಿನ ಸಣ್ಣ, ಅಗ್ಗದ ಕಾಡತೂಸು) ಹೊಡೆಯಬಹುದೇ, ಇಲ್ಲ ಅದಕ್ಕೆಂದೇ ಬೇರೆ ರೈಫಲ್ ಬೇಕೇ? ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಯವರು ಕೇಳಿದ್ದಾರೆ. ಒಂದು ಪತ್ರ ಮಾತ್ರ ಅಮೆರಿಕದಿಂದ. ಕಿಟ್ ಅಂಗಡಿಯಲ್ಲಿ ರಾಜಾರೋಷವಾಗಿ ಸಿಗುವುದು ಅಲ್ಲೇ ಆದ್ದರಿಂದ ಅದನ್ನೇ ಮೊದಲು ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನಮ್ಮೂರು ಕಲಬುರಗಿ, ಸದ್ಯ ಇರೋದು ಟೆಕ್ಸಾಸಿನ ಡಲ್ಲಾಸ್‌ನಾಗ. ಗೆಳೆಯನ ಹತ್ರ 5.56ರ (.22ಕ್ಕಿಂತ ಬಹಳ ಬಲದ ಕಾಡತೂಸು) ಎಆರ್-15 ರೈಫಲ್ ಅದ. ಅದಕ್ಕ .22 ಕನ್ವರ್ಶನ್ ಕಿಟ್ ಹಾಕಿ ಕಡಿಮಿ ಖರ್ಚಿನಾಗ ಪ್ರಾಕ್ಟೀಸ್ ಮಾಡ್ತಾನ. ನಾನೂ ಅಂಥದ್ದೇ ತಗೊಂಡು ಕಿಟ್ ಹಾಕ್ಲೋ, ಇಲ್ಲಾ .22 ರೈಫಲ್ಲೇ ತಗೊಳ್ಳೋದು ಚಲೋನೋ? ಊರಿಗೆ ವಾಪಸ್ ಬರುವಾಗ ತರಬೇಕಂತ ಆಸೆ ಅದ. (ವಿ. ಪಿ.)

ಉತ್ತರ: ಕಿಟ್‌ಗಿಂತ ಮೊದಲು ನಿಮ್ಮ ವೀಸಾ ನೋಡಿಕೊಳ್ಳಿ. ಎಚ್-1ಬಿಯಂಥ ತಾತ್ಕಾಲಿಕ ವೀಸಾದ ಮೇಲೆ ಇರುವವರು ಬಂದೂಕಾಗಲಿ ಕಾಡತೂಸಾಗಲಿ ಇಟ್ಟುಕೊಳ್ಳುವುದನ್ನು ಅಮೆರಿಕದ ಕೇಂದ್ರ ಕಾನೂನು ತಡೆಯುತ್ತದೆ. ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಪರವಾನಗಿ ಇದ್ದರೆ ವಿನಾಯಿತಿ ಉಂಟು. ಗ್ರೀನ್ ಕಾರ್ಡ್ ಬಂದವರಿಗೆ ಈ ತೊಡಕಿಲ್ಲ. ‘ಟೆಕ್ಸಾಸಿನಲ್ಲಿ ಎಲ್ಲಾ ನಡೆಯುತ್ತದೆ’ ಎಂಬ ಮಾತು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಇದು ರಾಜ್ಯದ ಕೈಯಲ್ಲಿರುವ ಸಂಗತಿಯಲ್ಲ.

ಇನ್ನು ಕಿಟ್. ಅದರಲ್ಲಿ ಇರುವುದು ಮೂರು ವಸ್ತು. 5.56ರ ಚೇಂಬರಿನೊಳಗೆ (ನಳಿಗೆಯಲ್ಲಿ ಕಾಡತೂಸು ಕೂರುವ ಗೂಡು) ಕೂರುವ, ತನ್ನೊಳಗೆ .22ರ ಚೇಂಬರ್ ಇರುವ ಒಂದು ಉಕ್ಕಿನ ಕೊಳವೆ. ಅದರ ಹಿಂದೆ ತನ್ನದೇ ಸ್ಪ್ರಿಂಗ್ ಇರುವ ಬೋಲ್ಟ್, ಅಂದರೆ ಚೇಂಬರನ್ನು ಹಿಂದಿನಿಂದ ಮುಚ್ಚಿ ತೆರೆಯುವ ಭಾಗ. ಜೊತೆಗೆ .22ರ ಮ್ಯಾಗಜೀನ್. ರೈಫಲ್ ಬಿಚ್ಚಿ ಮೂಲ ಬೋಲ್ಟನ್ನು ತೆಗೆದು ಇದನ್ನು ತೂರಿಸಿದರೆ ಕೆಲಸ ಮುಗಿಯಿತು, ಎರಡು ನಿಮಿಷ ಸಾಕು. ಬದಲಾಗದೆ ಉಳಿಯುವುದು ನಳಿಗೆ. ತಕರಾರೆಲ್ಲ ಇರುವುದು ಅಲ್ಲೇ.

.22 ಲಾಂಗ್ ರೈಫಲ್ ಕಾಡತೂಸು 1887ರಿಂದ ಇದೆ. 40 ಗ್ರೇನಿನ, ಅಂದರೆ ಸುಮಾರು 2.6 ಗ್ರಾಂ ತೂಕದ ಮೆತ್ತನೆಯ ಸೀಸದ ಗುಂಡು. ಅದಕ್ಕೆಂದು ಮಾಡಿದ ನಳಿಗೆಯಲ್ಲಿ, ಒಳಗಿನ ಸುರುಳಿ ಗೀರಿನಿಂದಾಗಿ, ಗುಂಡು 16 ಇಂಚು ಸಾಗುವಷ್ಟರಲ್ಲಿ ಒಂದು ಸುತ್ತು ತಿರುಗುತ್ತದೆ. 5.56ರ ನಳಿಗೆಯಲ್ಲಿ 7, 8 ಅಥವಾ 9 ಇಂಚಿಗೇ ಒಂದು ಸುತ್ತು. ತಾಮ್ರದ ಕವಚದ ಉದ್ದನೆಯ ಗುಂಡಿಗೆ ಆ ವೇಗದ ತಿರುವು ಬೇಕು. ಮೆತ್ತನೆಯ ಸೀಸವನ್ನು ಅಷ್ಟು ಜೋರಾಗಿ ತಿರುಗಿಸಿದರೆ ಅದರ ಎರಕದಲ್ಲಿರುವ ಕೂದಲೆಳೆಯಷ್ಟು ವಕ್ರವೂ ದೊಡ್ಡದಾಗಿ ಗುರಿಹಲಗೆಯ ಮೇಲೆ ಕಾಣುತ್ತದೆ. ಸಾಲದ್ದಕ್ಕೆ ಈ ಗುಂಡು .224 ಇಂಚಿನ ನಳಿಗೆಗೆ ಒಂದು ಎಳೆ ಸಣ್ಣದು. ಕೊಳವೆಯ ತುದಿಯಿಂದ ನಳಿಗೆಯ ಗೀರು ಶುರುವಾಗುವ ತನಕ ಅದು ಹಿಡಿತವಿಲ್ಲದೆ ಜಿಗಿಯಬೇಕು, ಅಲ್ಲೇ ಸ್ವಲ್ಪ ಓರೆಯಾಗಿ ಗೀರಿಗೆ ಕಚ್ಚಿಕೊಳ್ಳುತ್ತದೆ.

ಫಲ ಏನು? ಸಾಧಾರಣ ಬೋಲ್ಟ್ ಆ್ಯಕ್ಷನ್ (ಪ್ರತಿ ಗುಂಡಿಗೂ ಬೋಲ್ಟನ್ನು ಕೈಯಿಂದಲೇ ಎಳೆಯುವ) .22 ರೈಫಲ್, ತನಗೆ ಒಗ್ಗಿದ ಕಾಡತೂಸು ಸಿಕ್ಕರೆ, 50 ಮೀಟರಿನಲ್ಲಿ ಐದು ಗುಂಡನ್ನು ಒಂದೂವರೆಯಿಂದ ಎರಡೂವರೆ ಸೆಂ.ಮೀ. ಒಳಗೆ ಇಡುತ್ತದೆ. ಕಿಟ್ ಹಾಕಿದ ಎಆರ್ ಅದೇ ದೂರದಲ್ಲಿ 4ರಿಂದ 7 ಸೆಂ.ಮೀ. ಹರಡುವುದು ಸಾಮಾನ್ಯ. ಜಾಹೀರಾತಿನಲ್ಲಿ ಒಂದೇ ತೂತಿನಂತೆ ಕಾಣುವ ಗುರಿಹಲಗೆ ಎಷ್ಟು ದೂರದ್ದು ಎಂದು ಮೂಲೆಯ ಸಣ್ಣ ಅಕ್ಷರ ಓದಿ. 25 ಗಜದ್ದಾಗಿದ್ದರೆ ಆಶ್ಚರ್ಯಪಡಬೇಡಿ.

ದುರ್ಬೀನೂ ಕೈಕೊಡುತ್ತದೆ. 5.56ರ ಗುಂಡು ಸೆಕೆಂಡಿಗೆ 950 ಮೀಟರಿಗೂ ಮೇಲೆ ಹೊರಡುತ್ತದೆ, ಹೈ ವೆಲಾಸಿಟಿ (ಹೆಚ್ಚು ವೇಗದ) .22 ಸುಮಾರು 380. 50 ಮೀಟರಿಗೆ 5.56ರಲ್ಲಿ ಜೀರೋ ಮಾಡಿಟ್ಟ (ಗುರಿ ಹಿಡಿದಲ್ಲೇ ಗುಂಡು ಬೀಳುವಂತೆ ಕೂಡಿಸಿಟ್ಟ) ಸೈಟಿನಿಂದ .22 ಹೊಡೆದರೆ ಬರೀ ಭೂಮಿಯ ಸೆಳೆತದ ಲೆಕ್ಕದಲ್ಲೇ 8 ಸೆಂ.ಮೀ. ಆಸುಪಾಸು ಕೆಳಗೆ ಬೀಳುತ್ತದೆ, ಎಡಬಲಕ್ಕೂ ಸರಿಯಬಹುದು. ಪ್ರತಿ ಸಲ ಕಿಟ್ ಹಾಕಿ ತೆಗೆದಾಗ ಸೈಟ್ ತಿರುಗಿಸುತ್ತ ಕೂರಬೇಕು, ಇಲ್ಲವೇ ವ್ಯತ್ಯಾಸ ಎಷ್ಟೆಂದು ಬರೆದಿಟ್ಟುಕೊಂಡು ಅಷ್ಟು ಮೇಲೆ ಹಿಡಿಯಬೇಕು.

ಕಿಟ್ ಇಟ್ಟುಕೊಂಡವರು ಎಡವುವುದು ಮುಖ್ಯವಾಗಿ ಮೂರು ಕಡೆ. ಒಂದು, ಸ್ಟ್ಯಾಂಡರ್ಡ್ ವೆಲಾಸಿಟಿ (ಕಡಿಮೆ ವೇಗದ) ಕಾಡತೂಸು ಹಾಕುತ್ತಾರೆ. ಬೋಲ್ಟನ್ನು ಪೂರ್ತಿ ಹಿಂದಕ್ಕೆ ತಳ್ಳುವಷ್ಟು ಅದರಲ್ಲಿ ಕಸುವಿಲ್ಲ, ಖಾಲಿ ಕೇಸು ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ. ಸೆಕೆಂಡಿಗೆ 365 ಮೀಟರಿಗೆ (1200 ಅಡಿಗೆ) ಕಡಿಮೆಯಿಲ್ಲದ, ತಾಮ್ರ ಲೇಪಿಸಿದ 40 ಗ್ರೇನಿನದೇ ಬೇಕು. ಎರಡು, ಬರೀ ಸೀಸದ ಗುಂಡು ಹೊಡೆಯುತ್ತಾರೆ. ಸೀಸದ ಪುಡಿ, ಮೇಣ, ಮಸಿ ಎಲ್ಲ ಸೇರಿ ನಳಿಗೆಯ ಗ್ಯಾಸ್ ತೂತಿನಲ್ಲಿ (5.56ರ ಬೋಲ್ಟನ್ನು ತಳ್ಳುವ ಬಿಸಿ ಗಾಳಿ ಹೊರಡುವ ತೂತು) ಕೂತುಬಿಡುತ್ತವೆ. ಆ ತೂತಿಗೆ ಕೂಡಿದ ಸಣ್ಣ ಗ್ಯಾಸ್ ಕೊಳವೆಯನ್ನು ಬ್ರಷ್ ಹಾಕಿ ತೊಳೆಯಲು ಆಗುವುದಿಲ್ಲ, ಅದಕ್ಕೇ ಅನುಭವಸ್ಥರು .22 ಮುಗಿಸಿದ ಮೇಲೆ ತಾಮ್ರದ ಕವಚವಿರುವ 5.56 ಗುಂಡು ಹತ್ತು ಹೊಡೆದು ರೈಫಲ್ ಒಳಗಿಡುತ್ತಾರೆ. ಹಾಗೆ ಹೊಡೆಯುವ ಮುನ್ನ ಚೇಂಬರ್ ಒರೆಸಲೇಬೇಕು. ಮೂರನೆಯ ಎಡವಟ್ಟು ಅದನ್ನು ಮರೆಯುವುದು. ಕಿಟ್‌ನ ಕೊಳವೆ ಕೂತ ಜಾಗದಲ್ಲಿ ಮಸಿಯ ಗಟ್ಟಿ ಬಳೆ ನಿಂತಿರುತ್ತದೆ. ಅದರ ಮೇಲೆ 5.56 ಹಾಕಿದರೆ ಕೇಸು ಅಂಟಿಕೊಳ್ಳುತ್ತದೆ. ಅದರ ಒತ್ತಡ .22ರ ದುಪ್ಪಟ್ಟಿಗಿಂತ ಹೆಚ್ಚು ಎಂಬುದು ನೆನಪಿರಲಿ.

ಹಾಗಾದರೆ ಕಿಟ್ ದಂಡವೇ? ಅಲ್ಲ. ಅದೇ ಟ್ರಿಗರ್, ಅದೇ ಹಿಡಿ, ಅದೇ ಸೇಫ್ಟಿ ಮೇಲೆ ಸಾವಿರಾರು ಸಲ ಕೈ ಪಳಗುತ್ತದೆ. ಈಗಾಗಲೇ ಎಆರ್ ಇಟ್ಟುಕೊಂಡವನಿಗೆ ಅದು ತಾಲೀಮಿನ ಗರಡಿ. ಲೆಕ್ಕವೂ ಸುಲಭ: ಒಂದು 5.56ರ ಬೆಲೆಯಲ್ಲಿ ಒಂದು .22ರ ಬೆಲೆ ಕಳೆಯಿರಿ, ಬಂದ ಉಳಿತಾಯದಿಂದ ಕಿಟ್ ಬೆಲೆಯನ್ನು ಭಾಗಿಸಿ. ಕಿಟ್ 250 ಡಾಲರ್, ಉಳಿತಾಯ ಗುಂಡಿಗೆ 40 ಸೆಂಟ್ ಎಂದುಕೊಂಡರೆ 625ನೇ ಗುಂಡಿಗೆ ದುಡ್ಡು ವಾಪಸ್. ಆದರೆ ನಿಮ್ಮ ಬಳಿ ಎಆರ್ ಇಲ್ಲವೇ ಇಲ್ಲ. ಉಳಿತಾಯಕ್ಕೆಂದು ಮೊದಲು ದುಬಾರಿ ರೈಫಲ್ ಕೊಂಡು, ಆಮೇಲೆ ಅದನ್ನು ಅಗ್ಗವಾಗಿ ಹೊಡೆಯುವ ಕಿಟ್ ಕೊಳ್ಳುವುದು ಎಮ್ಮೆಗಿಂತ ಮೊದಲು ಕೊಟ್ಟಿಗೆಗೆ ಸಾಲ ಮಾಡಿದ ಹಾಗೆ. ಗುರಿ ಕಲಿಯಬೇಕೆಂದರೆ ಬೋಲ್ಟ್ ಆ್ಯಕ್ಷನ್ .22 ತೆಗೆದುಕೊಳ್ಳಿ. ಎಆರ್ ಆಕಾರವೇ ಬೇಕೆಂದಿದ್ದರೆ 16 ಇಂಚಿನ ತಿರುವಿನ ನಳಿಗೆಯ, ಪೂರ್ತಿ .22ಕ್ಕೆಂದೇ ಮಾಡಿದವೂ ಸಿಗುತ್ತವೆ. ಗೆಳೆಯನಿಗೂ ಒಂದು ಮಾತು ಹೇಳಿ: ಬರೀ ಬೋಲ್ಟ್ ಬದಲಿಸುವ ಕಿಟ್‌ಗಿಂತ, ನಳಿಗೆ ಸಮೇತ ಮೇಲಿನ ಅರ್ಧ ಪೂರಾ .22 ಆಗಿರುವ ‘ಅಪ್ಪರ್’ ಕೊಂಡರೆ ಅದರ ಮೇಲಿನ ಸೈಟ್ ಜೀರೋ ಹಾಗೇ ಉಳಿಯುತ್ತದೆ, ಗ್ಯಾಸ್ ತೂತಿನ ಗೋಳೂ ಇಲ್ಲ.

ಊರಿಗೆ ತರುವ ಆಸೆ ಬಿಡಿ. ಎಆರ್-15 ನಮ್ಮ ಸಾಮಾನ್ಯ ಲೈಸೆನ್ಸಿಗೆ ದಕ್ಕುವ ಬಂದೂಕಲ್ಲ. ಕಿಟ್ಟು, ಬೋಲ್ಟು ಇವೆಲ್ಲ ನಮ್ಮ ಕಾನೂನಿನ ಕಣ್ಣಿಗೆ ಬಂದೂಕಿನ ಭಾಗಗಳೇ. ರೇಂಜಿಗೆ ಒಯ್ಯುವ ಬ್ಯಾಗನ್ನು ವಿಮಾನಕ್ಕೆ ಎಂದೂ ತರಬೇಡಿ. ಅದರ ಹೊಲಿಗೆ ಸಂದಿಯಲ್ಲಿ ಉಳಿದ ಒಂದೇ ಒಂದು .22 ಕಾಡತೂಸು ಹೈದರಾಬಾದ್ ನಿಲ್ದಾಣದಲ್ಲಿ ಕೇಸಾಗಲು ಸಾಕು.

ಪ್ರಶ್ನೆ: ನಮ್ಮ ಮನ್ಯಾಗ ಹನ್ನೆರಡು ಬೋರಿನ ಡಬಲ್ ಬ್ಯಾರಲ್ ಅದ, ಲೈಸೆನ್ಸ್ ಚಾಲೂ ಅದ. ಅದರೊಳಗ ಕೂಡೋ ಹಿತ್ತಾಳಿ ಅಡಾಪ್ಟರ್ ಹಾಕಿದ್ರ .22 ಹೊಡಿಬಹುದು ಅಂತ ವಿಡಿಯೋದಾಗ ನೋಡಿದೆ. ಇಲ್ಲೇ ಲೇತ್ ಮಶೀನಿನವರು ಮಾಡಿಕೊಡ್ತೀನಿ ಅಂತಾರ. ಮಾಡಿಸ್ಲಾ? (ಒಬ್ಬ ಓದುಗ, ಸುರಪುರ)

ಉತ್ತರ: ಬೇಡ. ಲೇತ್‌ನವರ ಹತ್ತಿರ ಇನ್ನೊಮ್ಮೆ ಆ ಮಾತನ್ನೇ ಎತ್ತಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಬಂದೂಕು ತಯಾರಿಸುವುದಷ್ಟೇ ಅಲ್ಲ, ಬದಲಾಯಿಸುವುದಕ್ಕೂ ಪ್ರತ್ಯೇಕ ಪರವಾನಗಿ ಬೇಕು. 2019ರ ತಿದ್ದುಪಡಿ ಬಂದ ಮೇಲೆ ಇದರ ಶಿಕ್ಷೆ ಏಳು ವರ್ಷಕ್ಕೆ ಕಡಿಮೆಯಿಲ್ಲ, ಜೀವಾವಧಿಯ ತನಕ ಹೋಗಬಹುದು. ನಿಮ್ಮ ಲೈಸೆನ್ಸಿನಲ್ಲಿ ಬರೆದಿರುವುದು ಹನ್ನೆರಡು ಬೋರ್. ಅದನ್ನು ತೋರಿಸಿ .22 ಕಾಡತೂಸು ಕೊಳ್ಳಲೂ ಬರುವುದಿಲ್ಲ.

ಕಾನೂನು ಬದಿಗಿಟ್ಟರೂ ಆ ಅಡಾಪ್ಟರ್ ಕೆಲಸಕ್ಕೆ ಬಾರದ್ದು. ಯಾಕೆಂದರೆ ಹನ್ನೆರಡು ಬೋರಿನ ಪಿನ್ ಹೊಡೆಯುವುದು ಕಾಡತೂಸಿನ ನಟ್ಟನಡುವೆ, ಅಲ್ಲಿರುವ ಕ್ಯಾಪಿಗೆ. .22ಕ್ಕೆ ನಡುವೆ ಕ್ಯಾಪೇ ಇಲ್ಲ. ಅದರ ಸಿಡಿಮದ್ದು ಇರುವುದು ಕೇಸಿನ ಅಂಚಿನ ಮಡಿಕೆಯೊಳಗೆ. ಅದಕ್ಕೇ ಅದು ರಿಮ್‌ಫೈರ್. ನಡುವಿನ ಪಿನ್ ಅಂಚಿಗೆ ತಾಗಬೇಕೆಂದರೆ ಅಡಾಪ್ಟರಿನಲ್ಲಿ .22ರ ತೂತನ್ನು ನಡುವಿನಿಂದ 3 ಮಿ.ಮೀ.ನಷ್ಟು ಪಕ್ಕಕ್ಕೆ ಕೊರೆಯಬೇಕು. ಅಂದರೆ ಗುಂಡು ಹುಟ್ಟುವಾಗಲೇ ನಳಿಗೆಯ ನಡುಗೆರೆಯ ಮೇಲಿಲ್ಲ. ಕಾಡತೂಸಿನಷ್ಟೇ ಉದ್ದದ ಅಡಾಪ್ಟರಾದರೆ ಅದರ ಗಿಡ್ಡ ನಳಿಗೆ ಬಿಟ್ಟ ಮೇಲೆ 5.6 ಮಿ.ಮೀ.ನ ಗುಂಡು 18.5 ಮಿ.ಮೀ.ನ ಬಾವಿಯಲ್ಲಿ ತೇಲಿಕೊಂಡು ಹೋಗುತ್ತದೆ, ತುದಿಯ ಚೋಕಿಗೆ (ನಳಿಗೆ ಕಿರಿದಾಗುವ ಜಾಗಕ್ಕೆ) ತಾಗಿದರೆ ಅಲ್ಲಿಗೆ ಮುಗಿಯಿತು. ಡಬಲ್ ಬ್ಯಾರಲಿನ ಎರಡೂ ನಳಿಗೆಗಳನ್ನು ಛರ್ರೆಗೆಂದು (ಸಣ್ಣ ಸೀಸದ ಕಾಳುಗಳಿಗೆಂದು) ಒಂದು ದೂರದಲ್ಲಿ ಕೂಡುವಂತೆ ಬೆಸೆದಿರುತ್ತಾರೆ. ಮುಂದಿನ ಮಣಿ ಬಿಟ್ಟರೆ ಹಿಂದೆ ಸೈಟ್ ಇಲ್ಲ. ಇಷ್ಟೆಲ್ಲದರ ಮೇಲೆ ಗುರಿ ಎಲ್ಲಿಂದ ಬಂದೀತು?

ಇನ್ನೊಂದು ಅಪಾಯ ಕಣ್ಣಿನದು. ಹನ್ನೆರಡು ಬೋರಿನ ಕುದುರೆಯ (ಪಿನ್ನಿಗೆ ಬಡಿಯುವ ಸುತ್ತಿಗೆಯ) ಪೆಟ್ಟು ಬಲವಾದದ್ದು, .22ರ ಅಂಚಿನ ತಗಡು ತೆಳ್ಳಗಿನದು. ಪಿನ್ ಅಂಚನ್ನು ತೂತು ಮಾಡಿದರೆ ಬಿಸಿ ಗಾಳಿ ಹಿಂದಕ್ಕೆ ನುಗ್ಗುತ್ತದೆ, ಮುಖ ಇರುವ ಕಡೆಗೆ.

ಪ್ರಶ್ನೆ: ತಂದೆಯವರ ಕಾಲದ .315 ಸ್ಪೋರ್ಟಿಂಗ್ ರೈಫಲ್ ಒಂದು, ಹನ್ನೆರಡು ಬೋರ್ ಒಂದು ನನ್ನ ಲೈಸೆನ್ಸಿನಲ್ಲಿವೆ. ಗುರಿ ಅಭ್ಯಾಸಕ್ಕೆ .22 ಬೇಕು. ಮೂರನೆಯದು ಸಿಗುವುದಿಲ್ಲವಂತೆ. .315ಕ್ಕೇ .22 ನಳಿಗೆ ಕೂಡಿಸಿದರೆ ಲೆಕ್ಕ ಎರಡರಲ್ಲೇ ಮುಗಿಯುತ್ತದಲ್ಲವೇ? (ಎಸ್. ಎಂ., ಭಾಲ್ಕಿ)

ಉತ್ತರ: ಯೋಚನೆ ಜಾಣತನದ್ದೇ, ಹಳೆಯದೂ ಹೌದು. ಬ್ರಿಟಿಷ್ ಸೈನ್ಯ ಮಾರ್ಟಿನಿ-ಹೆನ್ರಿ ರೈಫಲಿನೊಳಗೆ ಮಾರಿಸ್ ಟ್ಯೂಬ್ ಎಂಬ ಸಣ್ಣ ನಳಿಗೆ ತೂರಿಸಿ ಸಿಪಾಯಿಗಳಿಗೆ ಕಡಿಮೆ ಖರ್ಚಿನಲ್ಲಿ ಗುರಿ ಕಲಿಸುತ್ತಿತ್ತು. ಮುಂದೆ .303 ಲೀ-ಎನ್‌ಫೀಲ್ಡಿಗೂ .22ರ ರೂಪ ಬಂತು. ಅದರಲ್ಲಿ ಬೋಲ್ಟಿನ ತಲೆಯೇ ಬೇರೆ, ಪಿನ್ ಅಂಚಿಗೆ ಹೊಡೆಯುವಂತೆ ಓರೆ. ಮ್ಯಾಗಜೀನಿನ ಖಾಲಿ ಪೆಟ್ಟಿಗೆ ಮಾತ್ರ ಹಾಗೇ ಉಳಿಸಿದ್ದರು, ಹೊಡೆದ ಕೇಸುಗಳು ಅದರೊಳಗೆ ಬೀಳಲಿ ಎಂದು. ಒಂದೊಂದೇ ಕಾಡತೂಸು ಕೈಯಲ್ಲಿ ಹಾಕಬೇಕು. ಇದೆಲ್ಲ ನಡೆದದ್ದು ಕಾರ್ಖಾನೆಯಲ್ಲಿ, ಅಳತೆ ಪರೀಕ್ಷೆ ಮಾಡಿ. ಹಾಗೆ ಬದಲಾದ ರೈಫಲ್ ಆಮೇಲೆ .22 ಆಗಿಯೇ ಉಳಿಯುತ್ತಿತ್ತು, ಬೆಳಿಗ್ಗೆ ಒಂದು ಸಂಜೆ ಒಂದು ಅಲ್ಲ.

ನಿಮ್ಮ .315ಕ್ಕೆ ಇಲ್ಲಿ ಅಂಥದ್ದು ಮಾಡಿಸಿದರೆ ಸುರಪುರದವರಿಗೆ ಹೇಳಿದ ಕಲಮೇ ನಿಮಗೂ. ಕಾಗದದ ಮೇಲೆ ಅದು ನಿಮ್ಮ ಲೈಸೆನ್ಸಿನಲ್ಲಿರುವ ಬಂದೂಕೇ ಆಗಿ ಉಳಿಯುವುದಿಲ್ಲ.

ದಾರಿ ಇರುವುದು ಬೇರೆ ಕಡೆ. ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಮಿತಿಯನ್ನು 2019ರ ತಿದ್ದುಪಡಿ ಮೂರರಿಂದ ಎರಡಕ್ಕಿಳಿಸಿತು, ಪಿತ್ರಾರ್ಜಿತ ಬಂದೂಕೂ ಆ ಎರಡರ ಲೆಕ್ಕದೊಳಗೇ. ಆದ್ದರಿಂದ ಒಂದನ್ನು ಬಿಡಬೇಕು. ನಮ್ಮ ಅಭಿಪ್ರಾಯ ಕೇಳಿದರೆ .315 ಬಿಡಿ. ಅದಕ್ಕೆ ನಮ್ಮ ಭಾಗದಲ್ಲಿ ಹೊಡೆಯುವ ಜಾಗವೂ ಇಲ್ಲ, ಕೆಲಸವೂ ಇಲ್ಲ. ಲೈಸೆನ್ಸ್ ಕೊಟ್ಟ ಕಚೇರಿಯ ಅನುಮತಿ ಪಡೆದು ಪರವಾನಗಿ ಇರುವ ಬಂದೂಕಿನ ಅಂಗಡಿಗೆ ಮಾರಿ, ಪುಸ್ತಕದಿಂದ ಅದರ ನಂಬರ್ ತೆಗೆಸಿ, ಖಾಲಿಯಾದ ಜಾಗಕ್ಕೆ .22 ಬರೆಸಿ. ಕ್ರಮ ತಪ್ಪಿಸಬೇಡಿ: ಮೊದಲು ಬರೆಸುವುದು, ಆಮೇಲೆ ಕೊಳ್ಳುವುದು. ತಂದೆಯ ನೆನಪು ಬಿಡಲಾಗದು ಎಂದರೆ ಇನ್ನೊಂದು ದಾರಿಯುಂಟು. ಲೈಸೆನ್ಸುದಾರರಿಗೆ 70 ವರ್ಷ ತುಂಬಿದ್ದರೆ ಇಲ್ಲವೇ ಬಂದೂಕು ಕೈಗೆ ಬಂದು 25 ವರ್ಷವಾಗಿದ್ದರೆ, 2016ರ ನಿಯಮಗಳ ಪ್ರಕಾರ ವಾರಸುದಾರರ ಹೆಸರಿಗೆ ಲೈಸೆನ್ಸ್ ಕೇಳಬಹುದು. ಮಗ ಅಥವಾ ಮಗಳು 21 ದಾಟಿದ್ದರೆ .315 ಅವರ ಹೆಸರಿಗೆ ಹೋಗಲಿ. ಕ್ರೀಡಾಪಟುಗಳಿಗೆ ಎರಡರ ಮಿತಿಗೆ ವಿನಾಯಿತಿ ಇದೆ, ಆದರೆ ಅದು ಸ್ಪರ್ಧೆಯಲ್ಲಿ ಅಂಕ ಗಳಿಸಿ ತೋರಿಸಿದವರಿಗೆ.

ಪ್ರಶ್ನೆ: ಎನ್‌ಸಿಸಿ ಕ್ಯಾಂಪಿನಲ್ಲಿ .22 ಡೀಲಕ್ಸ್ ರೈಫಲಿನಿಂದ 25 ಗಜಕ್ಕೆ ಐದು ಗುಂಡು ಹೊಡೆದೆ, ಗ್ರೂಪ್ (ಗುಂಡು ಬಿದ್ದ ತೂತುಗಳ ಗುಂಪು) ಚೆನ್ನಾಗಿ ಬಂತು. ವಯಸ್ಸು 19. ಶೂಟಿಂಗ್ ಮುಂದುವರಿಸಲು ಸ್ವಂತ .22 ತೆಗೆದುಕೊಳ್ಳಬೇಕೇ? (ಪದವಿ ವಿದ್ಯಾರ್ಥಿನಿ, ಬೀದರ್)

ಉತ್ತರ: ಈಗಲೇ ಬೇಡಮ್ಮ. ಸಾಮಾನ್ಯ ಲೈಸೆನ್ಸಿಗೆ 21 ತುಂಬಿರಬೇಕು. ಅದಕ್ಕಿಂತ ಚಿಕ್ಕವರು ಹೊಡೆಯುವುದು ರೈಫಲ್ ಸಂಸ್ಥೆಯ ನೆರಳಿನಲ್ಲಿ, ತರಬೇತುದಾರರ ಕಣ್ಣೆದುರಿಗೆ. ಈ ಎರಡು ವರ್ಷ 10 ಮೀಟರ್ ಏರ್ ರೈಫಲ್‌ಗೆ ಕೊಡಿ. 4.5 ಮಿ.ಮೀ. ಮೀರದ ಬೋರ್, 20 ಜೂಲ್ ಮೀರದ ಬಲ ಇದ್ದರೆ ಅದಕ್ಕೆ ಲೈಸೆನ್ಸ್ ಬೇಡ, ಅಂಗಡಿಯವರು ಗುರುತಿನ ಚೀಟಿ ಮತ್ತು ವಿಳಾಸ ಬರೆದುಕೊಳ್ಳುತ್ತಾರೆ ಅಷ್ಟೆ. ಸ್ಪರ್ಧೆಯ ಏರ್ ರೈಫಲಿನ ಬಲ ಸುಮಾರು 8 ಜೂಲ್ ಮಾತ್ರ.

ಅದು ಆಟಿಕೆ ಅಂದುಕೊಳ್ಳಬೇಡಿ. 10 ಮೀಟರ್ ಗುರಿಹಲಗೆಯ ಹತ್ತು ಅಂಕದ ಚುಕ್ಕೆ ಅರ್ಧ ಮಿ.ಮೀ., ಸಾಸಿವೆ ಕಾಳಿಗಿಂತ ಸಣ್ಣದು. 50 ಮೀಟರ್ .22 ಹಲಗೆಯಲ್ಲಿ ಹತ್ತರ ವೃತ್ತ 10.4 ಮಿ.ಮೀ. ಉಸಿರು, ಟ್ರಿಗರ್, ನಿಲುವು ಇವು ಮೂರನ್ನೂ ಏರ್ ರೈಫಲ್ ಕಟುವಾಗಿ ಕಲಿಸುತ್ತದೆ, ಗಾಳಿಯ ಕಾಟವಿಲ್ಲದೆ. ಮನೆಯ ಉದ್ದನೆಯ ಪಡಸಾಲೆ ಅಥವಾ ಕಾಲೇಜಿನ ಖಾಲಿ ಹಾಲ್ ಸಾಕು. ಹಲಗೆಯ ನಡುಭಾಗ ನೆಲದಿಂದ 1.4 ಮೀಟರ್ ಎತ್ತರಕ್ಕೆ ಇರಲಿ. ಹಿಂದೆ ಮುಂದಕ್ಕೆ ವಾಲಿದ ಕಬ್ಬಿಣದ ತಗಡು, ಕೆಳಗೆ ಸೀಸ ಬೀಳುವ ತಟ್ಟೆ. ಆ ಕಡೆಯಿಂದ ಯಾರೂ ಬರಲಾಗದಂತೆ ಬಾಗಿಲಿಗೆ ಚಿಲಕ. ಮುಗಿದ ಮೇಲೆ ಊಟಕ್ಕೆ ಮುಂಚೆ ಕೈ ಸೋಪಿನಿಂದ ತೊಳೆಯಬೇಕು, ಸೀಸದ ಕೆಲಸ ಅದು.

50 ಮೀಟರಿಗೆ ಬಂದಾಗ ಗಾಳಿ ಎದುರಾಗುತ್ತದೆ. ಗಂಟೆಗೆ 16 ಕಿ.ಮೀ. ವೇಗದ ಅಡ್ಡಗಾಳಿ, ಬೀದರಿನ ಗುಡ್ಡದ ಮೇಲೆ ಅದೇನು ದೊಡ್ಡದಲ್ಲ, ಸ್ಟ್ಯಾಂಡರ್ಡ್ ವೆಲಾಸಿಟಿ ಗುಂಡನ್ನು ಸುಮಾರು ಎರಡೂವರೆ ಸೆಂ.ಮೀ. ತಳ್ಳುತ್ತದೆ. ಹತ್ತು ಅಂದುಕೊಂಡದ್ದು ಏಳಾಗುತ್ತದೆ. ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 2024ರಲ್ಲಿ ಕಂಚು ಗೆದ್ದ ಕೊಲ್ಹಾಪುರ ಕಡೆಯ ಸ್ವಪ್ನಿಲ್ ಕುಸಾಳೆ ಅವರ ಸ್ಪರ್ಧೆ ಇದೇ, 50 ಮೀಟರ್ ಮೂರು ಭಂಗಿ. ನಿಮಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ, ಬೀದರಿನಿಂದ 140 ಕಿ.ಮೀ. ಆಸುಪಾಸು. ರಜೆಯಲ್ಲಿ ಅಲ್ಲಿನ ರೇಂಜಿನಲ್ಲಿ ಬಾಡಿಗೆ .22 ಹಿಡಿದು ನೋಡಿ. ಆದರೆ ಸ್ಪರ್ಧೆಗೆ ಹೆಸರು ನೋಂದಾಯಿಸುವುದು ನಮ್ಮ ರಾಜ್ಯದ ಸಂಸ್ಥೆಯ ಮೂಲಕವೇ ಇರಲಿ.

ಪ್ರಶ್ನೆ: ತೊಗರಿ ಹೊಲಕ್ಕ ಹಂದಿ, ಚಿಗರಿ ಹಿಂಡು ಹಿಂಡಾಗಿ ಬರ್ತಾವ. .22 ಇದ್ರ ಸಪ್ಪಳ ಕಡಿಮಿ, ಖರ್ಚೂ ಕಡಿಮಿ ಅಂತಾರ. (ರೈತ, ಔರಾದ್ ತಾಲ್ಲೂಕು)

ಉತ್ತರ: ನಿಮ್ಮ ಕಡೆಯ ಚಿಗರಿ ಅಂದರೆ ಕೃಷ್ಣಮೃಗ. 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯ ಪ್ರಾಣಿ, ಕೊಂದರೆ ಮೂರರಿಂದ ಏಳು ವರ್ಷ ಜೈಲು. ಹಂದಿಗೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಬಂದೂಕು ಎತ್ತುವಂತಿಲ್ಲ. ಅನುಮತಿ ಸಿಕ್ಕರೂ .22 ಅದಕ್ಕಲ್ಲ. ಅದರ ಗುಂಡಿನ ಬಲ 140ರಿಂದ 190 ಜೂಲ್, 5.56ರದು 1,600ಕ್ಕೂ ಮೇಲೆ. ಬಲಿತ ಹಂದಿಗೆ .22 ಹೊಡೆದರೆ ಅದು ಸಾಯುವುದಿಲ್ಲ, ಗಾಯಗೊಂಡು ಕಬ್ಬಿನೊಳಗೆ ಹೊಕ್ಕು ಮರುದಿನ ನೀರು ಕಟ್ಟಲು ಹೋದವರ ಮೇಲೆ ಬೀಳುತ್ತದೆ. ಸೋಲಾರ್ ಝಟಕಾ ತಂತಿ ಹಾಕಿಸಿ. ಬೆಳೆ ಹಾನಿಯಾದರೆ ಆ ದಿನವೇ ಫೋಟೋ ತೆಗೆದು, ಪಹಣಿ ಸಮೇತ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡಿ. ಕರೆಂಟಿನ ಲೈನಿನಿಂದ ನೇರ ತಂತಿ ಎಳೆಯುವುದು ಮಾತ್ರ ಬೇಡವೇ ಬೇಡ.

ಪ್ರಶ್ನೆ: ಲೈಸೆನ್ಸ್ ಇರುವ .22 ಇದೆ. ಚಳಿಗಾಲದಲ್ಲಿ ಸರಿಯಾಗಿ ಬೀಳುವ ಗುಂಡು ಮೇ ತಿಂಗಳಲ್ಲಿ ಮೇಲೆ-ಕೆಳಗೆ ಆಗುತ್ತದೆ. ನಳಿಗೆ ಕೆಟ್ಟಿದೆಯೇ? ಪ್ರತಿ ಸಲವೂ ಚೆನ್ನಾಗಿ ತೊಳೆದೇ ಇಡುತ್ತೇನೆ. (ಆರ್. ಕೆ., ಕಲಬುರಗಿ)

ಉತ್ತರ: ಬಹುಶಃ ನಳಿಗೆ ಸರಿಯಾಗಿಯೇ ಇದೆ, ತೊಳೆಯುವುದೇ ಹೆಚ್ಚಾಗಿದೆ.

.22 ಗುಂಡಿನ ಮೈಗೆ ಮೇಣ ಅಥವಾ ಗ್ರೀಸ್ ಸವರಿರುತ್ತದೆ. ಮೊದಲ ಐದರಿಂದ ಹತ್ತು ಗುಂಡು ಆ ಮೇಣವನ್ನು ನಳಿಗೆಗೆ ಹಚ್ಚಿದ ಮೇಲೆಯೇ ಗ್ರೂಪ್ ನಿಲ್ಲುವುದು. ಪ್ರತಿ ಸಲ ಹೊಳೆಯುವಂತೆ ತಿಕ್ಕಿದರೆ ಪ್ರತಿ ಸಲ ಮೊದಲಿನಿಂದ ಶುರು. ಗ್ರೂಪ್ ಹರಡಲು ಆರಂಭಿಸಿದಾಗ ತೊಳೆಯಿರಿ. ಚೇಂಬರಿನ ಬಾಯಿ, ಬೋಲ್ಟಿನ ಮುಖ ಮಾತ್ರ ಪ್ರತಿ ಸಲ ಒರೆಸಿ. ತೊಳೆಯುವಾಗಲೂ ಹಿಂದಿನಿಂದ ಮುಂದಕ್ಕೆ, ಪ್ಲಾಸ್ಟಿಕ್ ಲೇಪದ ಒಂದೇ ತುಂಡಿನ ಕಡ್ಡಿಯಿಂದ. ಮೂರು ತುಂಡು ಜೋಡಿಸುವ ಅಲ್ಯೂಮಿನಿಯಂ ಕಡ್ಡಿ ನಡುವೆ ಬಾಗಿ ಗೀರುಗಳನ್ನೇ ತಿಕ್ಕುತ್ತದೆ. ತುದಿಯಿಂದ ತೂರಿಸಿದರೆ ಗುಂಡು ಕೊನೆಯದಾಗಿ ಮುಟ್ಟುವ ಅಂಚು ಸವೆದುಹೋಗುತ್ತದೆ. ಬರೀ ಸೀಸದ .22 ಹೊಡೆಯುವ ನಳಿಗೆಗಳು ಹೊಡೆದು ಸವೆಯುವುದಕ್ಕಿಂತ ತಿಕ್ಕಿ ಸವೆದದ್ದೇ ಹೆಚ್ಚು.

ಬಿಸಿಲಿನ ಪಾಲೂ ಇದೆ. ಕಾಡತೂಸಿನ ಪೆಟ್ಟಿಗೆಯನ್ನು ಕಾರಿನ ಡಿಕ್ಕಿಯಲ್ಲಿ ಇಟ್ಟಿರುತ್ತೀರಾ? ನಮ್ಮ ಮೇ ತಿಂಗಳಲ್ಲಿ ಅಲ್ಲಿ ಮೇಣ ಕರಗಿ ಒಂದು ಬದಿಗೆ ಇಳಿಯುತ್ತದೆ, ಒಂದು ಗುಂಡಿಗೆ ದಪ್ಪ, ಇನ್ನೊಂದಕ್ಕೆ ಇಲ್ಲ. ಅದೇ ಮೇಲೆ-ಕೆಳಗೆ. ಮದ್ದೂ ಬಿಸಿಯಲ್ಲಿ ತುಸು ಚುರುಕಾಗಿ ಉರಿಯುತ್ತದೆ. ಪೆಟ್ಟಿಗೆಯನ್ನು ಒದ್ದೆಯಾಗದ ಥರ್ಮೋಕೋಲ್ ಡಬ್ಬಿಯಲ್ಲಿ ನೆರಳಿಗಿಡಿ. ಬಿಸಿಯಾದ ಚೇಂಬರಿನೊಳಗೆ ಕಾಡತೂಸು ಹಾಕಿ ಬಹಳ ಹೊತ್ತು ಗುರಿ ಹಿಡಿಯಬೇಡಿ. ಬೇಸಿಗೆಯ ಒಂದು ಲಾಭವೂ ಉಂಟು: 42 ಡಿಗ್ರಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ 357 ಮೀಟರಿನಷ್ಟಾಗುತ್ತದೆ. 330ರಲ್ಲಿ ಹೊರಡುವ ಸ್ಟ್ಯಾಂಡರ್ಡ್ ವೆಲಾಸಿಟಿ ಗುಂಡು ಆ ಗೆರೆಗೆ ಬಹಳ ಕೆಳಗೇ ಉಳಿದು ನಿರಾಳವಾಗಿ ಹೋಗುತ್ತದೆ. ಹೈ ವೆಲಾಸಿಟಿಯದು ದಾರಿಯಲ್ಲೇ ಆ ಗೆರೆ ದಾಟಿ ಇಳಿಯುವಾಗ ತುಸು ಅಲುಗುತ್ತದೆ. ಗುರಿಗೆ ಸ್ಟ್ಯಾಂಡರ್ಡೇ ಸರಿ.

ದುರ್ಬೀನನ್ನೂ ನೋಡಿ. ದೊಡ್ಡ ರೈಫಲಿಗೆಂದು ಮಾಡಿದ್ದರಲ್ಲಿ ಪ್ಯಾರಲಾಕ್ಸ್ (ಕಣ್ಣು ಸರಿದರೂ ಗುರಿ ಸರಿಯದ ದೂರ) ಸಾಮಾನ್ಯವಾಗಿ 100 ಗಜಕ್ಕೆ ಕೂಡಿಸಿರುತ್ತಾರೆ. 50 ಮೀಟರಿನಲ್ಲಿ ಕಣ್ಣು ತುಸು ಸರಿದರೂ ಗುರಿ ಸರಿಯುತ್ತದೆ. ಕಾಲು ಎಂಓಎ (ಎಂಓಎ ಅಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ) ಕ್ಲಿಕ್ ಇದ್ದರೆ 50 ಮೀಟರಿನಲ್ಲಿ ಒಂದು ಕ್ಲಿಕ್‌ಗೆ 3.6 ಮಿ.ಮೀ. ಒಂದು ಗುಂಡು ನೋಡಿ ತಿರುಗಿಸಬೇಡಿ, ಐದು ಹೊಡೆದು ಅವುಗಳ ನಡುಬಿಂದು ಅಳೆದು ತಿರುಗಿಸಿ. 50 ಮೀಟರಿಗೆ ಜೀರೋ ಮಾಡಿದ ಆ ಸೈಟಿನಲ್ಲೇ 100 ಮೀಟರಿಗೆ ಹೊಡೆದರೆ 20 ಸೆಂ.ಮೀ.ಗೂ ಹೆಚ್ಚು ಕೆಳಗೆ ಬೀಳುತ್ತದೆ, ಅದು ರೈಫಲಿನ ತಪ್ಪಲ್ಲ.

ಪ್ರಶ್ನೆ: ಖಾಲಿ .22ರಲ್ಲಿ ಟ್ರಿಗರ್ ಒತ್ತಿ ಅಭ್ಯಾಸ ಮಾಡಬಹುದೇ? (ಸೇಡಂ)

ಉತ್ತರ: ತಯಾರಕರು ಆಗುತ್ತದೆ ಎಂದು ಬರೆದಿದ್ದರೆ ಮಾತ್ರ. ಇಲ್ಲವಾದರೆ ಪಿನ್ ನೇರವಾಗಿ ಚೇಂಬರಿನ ಅಂಚಿಗೆ ಬಡಿದು ಅಲ್ಲಿ ತಗ್ಗು ಬೀಳುತ್ತದೆ, ಆಮೇಲೆ ಕಾಡತೂಸು ಒಳಗೆ ಹೋಗಲು ಹಟ ಮಾಡುತ್ತದೆ. .22ಕ್ಕೆಂದೇ ಇರುವ ಪ್ಲಾಸ್ಟಿಕ್ ಸ್ನ್ಯಾಪ್ ಕ್ಯಾಪ್ (ಮದ್ದಿಲ್ಲದ ನಕಲಿ ಕಾಡತೂಸು) ಹಾಕಿ ಮಾಡಿ. ನಿಜವಾದ ಕಾಡತೂಸುಗಳು ಆ ಕೋಣೆಯಲ್ಲೇ ಇರಬಾರದು.

ಪ್ರಶ್ನೆ: ಊರ ಹೊರಗ ನೀರಿಲ್ಲದ ಹಳೇ ಪರ್ಸಿ ಖಣಿ (ಹಾಸುಗಲ್ಲಿನ ಗಣಿ) ಅದ, ಮೂರೂ ಕಡೆ ಕಲ್ಲಿನ ಗೋಡಿ. .22 ಹೊಡಿಲಿಕ್ಕ ಅದಕ್ಕಿಂತ ಸುರಕ್ಷಿತ ಜಾಗ ಯಾವುದು? (ಶಹಾಬಾದ್)

ಉತ್ತರ: ಅದಕ್ಕಿಂತ ಅಪಾಯದ ಜಾಗ ಇಲ್ಲ. ಶಹಾಬಾದಿ ಕಲ್ಲು ಗಟ್ಟಿ, ಪದರ ಪದರ, ಮುಖ ನಯ. ನಿಧಾನದ ಸೀಸದ ಗುಂಡು ಅದಕ್ಕೆ ಓರೆಯಾಗಿ ತಾಗಿದರೆ ಒಳಗೆ ಹೋಗದೆ ಜಾರಿ ಚಿಮ್ಮುತ್ತದೆ. ಮೂರು ಕಡೆ ಗೋಡೆ ಇರುವುದರಿಂದ ಎಲ್ಲಿಂದ ಎಲ್ಲಿಗೆ ಚಿಮ್ಮೀತೆಂದು ಯಾರೂ ಹೇಳಲಾರರು. ಗೋಡೆಯ ಮೇಲಿಂದ ಹಾರಿದರೆ ಇನ್ನೂ ಕಷ್ಟ. .22ರ ಪೆಟ್ಟಿಗೆಯ ಮೇಲೆಯೇ ಸವ್ವಾ ಮೈಲಿ, ಅಂದರೆ 2 ಕಿ.ಮೀ. ತನಕ ಅಪಾಯ ಎಂದು ಅಚ್ಚು ಹಾಕಿರುತ್ತಾರೆ. ಗುಂಡು ನಿಲ್ಲಿಸುವುದು ಕಲ್ಲಲ್ಲ, ಕಲ್ಲು ಆರಿಸಿದ ಮೆತ್ತನೆಯ ಮಣ್ಣಿನ ದಿಬ್ಬ. ಅದೂ ಮಂಜೂರಾದ ರೇಂಜಿನಲ್ಲಿ. ಬೆಳೆ ರಕ್ಷಣೆಗೋ ಆತ್ಮರಕ್ಷಣೆಗೋ ಎಂದು ಲೈಸೆನ್ಸಿನಲ್ಲಿ ಬರೆದಿದ್ದರೆ ಖಣಿಯಲ್ಲಿ ಗುರಿ ಹೊಡೆಯುವುದು ಅದರೊಳಗೆ ಬರುವುದಿಲ್ಲ.

ರೇಂಜಿನಲ್ಲೂ ಒಂದನ್ನು ಮರೆಯಬೇಡಿ. ಟ್ರಿಗರ್ ಒತ್ತಿದ ಮೇಲೆ ಗುಂಡು ಹಾರದಿದ್ದರೆ ನಳಿಗೆಯನ್ನು ಗುರಿಯ ಕಡೆಗೇ ಇಟ್ಟು ಮೂವತ್ತು ಎಣಿಸಿ, ಆಮೇಲೆ ಬೋಲ್ಟ್ ತೆರೆಯಿರಿ. ಸಪ್ಪಳ ‘ಠಪ್’ ಎನ್ನದೆ ‘ಫುಸ್’ ಎಂದರೆ ಗುಂಡು ನಳಿಗೆಯಲ್ಲೇ ನಿಂತಿರಬಹುದು. ಮುಂದಿನ ಕಾಡತೂಸು ಹಾಕುವ ಮೊದಲು ಬೋಲ್ಟ್ ತೆಗೆದು, ಹಿಂದಿನಿಂದ ಬೆಳಕಿಗೆ ಹಿಡಿದು, ಆ ತುದಿಯ ಬೆಳಕು ದುಂಡಗೆ ಕಾಣುತ್ತದೆಯೇ ನೋಡಿ.